ಮಳೆಗೆ ನಿಲ್ಲುವ, ಬಿಸಿಲಿಗೆ ಕುದಿಯುವ ಹಳೆ ಬೈಕು: ದೋಷ ಹುಡುಕುವ ಕ್ರಮ

ಮಳೆಯಲ್ಲಿ ಬೈಕು ಕೆಮ್ಮಿ ನಿಂತರೆ ಹೊಸ ಪ್ಲಗ್, ಚಳಿಗೆ ಸೆಲ್ಫ್ ತಿರುಗದಿದ್ದರೆ ಹೊಸ ಬ್ಯಾಟರಿ, ಬಿಸಿಲಿಗೆ ಕುದ್ದರೆ ಹೊಸ ಕೂಲಂಟ್. ಹಳೆ ಬೈಕಿಗೆ ಹೆಚ್ಚಿನವರು ದುಡ್ಡು ಸುರಿಯುವುದು ಹೀಗೆ. ಮೂರನ್ನೂ ಬದಲಾಯಿಸಿದ ಮೇಲೂ ಎಷ್ಟೋ ಸಲ ತೊಂದರೆ ಇದ್ದಲ್ಲೇ ಇರುತ್ತದೆ, ಏಕೆಂದರೆ ದೋಷ ಕೂತಿರುವುದು ಕಿಲುಬು ಹಿಡಿದ ಯಾವುದೋ ಒಂದು ಜಾಯಿಂಟ್‌ನಲ್ಲಿ. ವಯಸ್ಸಾದ ಬೈಕಿನ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್) ಪಿನ್ನು, ಫ್ಯೂಸ್ ಹೋಲ್ಡರ್, ಅರ್ತ್ ಬೋಲ್ಟುಗಳ ಮೇಲೆ ವರ್ಷಗಳಿಂದ ಪದರ ಕಟ್ಟಿರುತ್ತದೆ. ಹವೆ ಹದವಾಗಿರುವಾಗ ಅದು ಗೊತ್ತಾಗುವುದಿಲ್ಲ. ಮಳೆ, ಚಳಿ, ಬಿಸಿಲು ಜೋರಾದಾಗ ಬಯಲಾಗುತ್ತದೆ. ಆದ್ದರಿಂದ ಬಿಡಿಭಾಗ ಕೊಳ್ಳುವ ಮೊದಲು ಅಳತೆ ಮಾಡಿ.

ಬೇಕಾಗುವುದು ಇಷ್ಟೇ: ಡಿಜಿಟಲ್ ಮಲ್ಟಿಮೀಟರ್, ಹಿತ್ತಾಳೆ ತಂತಿಯ ಸಣ್ಣ ಬ್ರಶ್, 400 ನಂಬರಿನ ಉಪ್ಪುಕಾಗದ, ಕಾಂಟ್ಯಾಕ್ಟ್ ಕ್ಲೀನರ್, ಡೈಎಲೆಕ್ಟ್ರಿಕ್ ಗ್ರೀಸ್, ಡಿಸ್ಟಿಲ್ಡ್ ವಾಟರ್. ಕೆಳಗಿನ ಅಂಕಿಗಳು 12 ವೋಲ್ಟಿನ, ನೆಗೆಟಿವ್ ಅರ್ತ್ ಇರುವ (ಬ್ಯಾಟರಿಯ ನೆಗೆಟಿವ್ ಫ್ರೇಮಿಗೆ ಸೇರಿರುವ) ಬೈಕಿಗೆ.

ಹಂತ 1: ಬ್ಯಾಟರಿ

ಬೈಕು ಒಂದು ರಾತ್ರಿ ನಿಂತ ಮೇಲೆ ಅಳೆಯಿರಿ. 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ಪೂರ್ತಿ ಚಾರ್ಜ್, 12.4 ಇದ್ದರೆ ಮುಕ್ಕಾಲು, 12.0ಕ್ಕಿಂತ ಕೆಳಗಿದ್ದರೆ ಖಾಲಿಯಾದಂತೆಯೇ. ಚಾರ್ಜ್ ಮಾಡಿ, ಸೆಲ್ಫ್ ಒತ್ತುತ್ತಾ ಮತ್ತೆ ನೋಡಿ, 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಆಯಸ್ಸು ಮುಗಿದಿದೆ, ಇಲ್ಲವೇ ಸ್ಟಾರ್ಟರ್ ಮೋಟರ್ ಅತಿಯಾಗಿ ಕರೆಂಟ್ ಎಳೆಯುತ್ತಿದೆ. ಚಳಿ ಹೆಚ್ಚಿದಷ್ಟೂ ಬ್ಯಾಟರಿಯ ಬಲ ಕುಗ್ಗುತ್ತದೆ, ಅದೇ ಹೊತ್ತಿಗೆ ಇಂಜಿನ್ ಆಯಿಲ್ ಗಟ್ಟಿಯಾಗಿ ಸೆಲ್ಫ್‌ಗೆ ಹೊರೆ ಏರುತ್ತದೆ. ಬೇಸಿಗೆಯಲ್ಲಿ ನೀರು ಆರುತ್ತದೆ. ನೀರು ತುಂಬುವ ಬಗೆಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಆಸಿಡ್ ಬೇಡ, ನಲ್ಲಿ ನೀರಂತೂ ಬೇಡವೇ ಬೇಡ.

ಹಂತ 2: ವೋಲ್ಟೇಜ್ ಎಲ್ಲಿ ಸೋರುತ್ತಿದೆ?

ಹೆಚ್ಚಿನವರು ಎಡವುವುದು ಇಲ್ಲೇ. ಮೀಟರನ್ನು ಓಮ್ಸ್ ಅಥವಾ ಬೀಪ್‌ಗೆ ಇಟ್ಟು ವೈರಿನ ಎರಡು ತುದಿ ಮುಟ್ಟಿಸುತ್ತಾರೆ, ಬೀಪ್ ಅಂದರೆ ‘ವೈರು ಸರಿಯಿದೆ’ ಎಂದು ಮುಂದೆ ಹೋಗುತ್ತಾರೆ. ಆ ಪರೀಕ್ಷೆಯಲ್ಲಿ ಮೀಟರ್ ಹರಿಸುವುದು ತೀರ ಅಲ್ಪ ಕರೆಂಟ್. ಸೆಲ್ಫ್ ಕೇಳುವುದು ಹತ್ತಾರು ಆಂಪಿಯರ್. ಎಳೆಗಳೆಲ್ಲ ಹರಿದು ಒಂದೇ ಎಳೆ ಉಳಿದ ಬಾವಿ ಹಗ್ಗ ನೇತುಹಾಕಿದಾಗ ಗಟ್ಟಿಯಾಗಿಯೇ ಕಾಣುತ್ತದೆ, ಕೊಡ ಕಟ್ಟಿ ಸೇದಿದಾಗಲೇ ಅದರ ಬಣ್ಣ ಬಯಲು. ವೈರನ್ನೂ ಹಾಗೆಯೇ, ಕರೆಂಟ್ ಹರಿಯುತ್ತಿರುವಾಗ ಪರೀಕ್ಷಿಸಬೇಕು.

ಅರ್ತ್ ಕಡೆಯಿಂದ ಶುರು ಮಾಡಿ. ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಪ್ಲಗ್ ಕ್ಯಾಪ್ ಬಿಚ್ಚಿ, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಲೋಹ ಇಂಜಿನ್‌ಗೆ ತಾಗಿರುವಂತೆ ಇಡಿ. ಇಂಜಿನ್ ಸ್ಟಾರ್ಟ್ ಆಗದೆ ಬರೀ ತಿರುಗಲಿ. ಕ್ಯಾಪನ್ನು ಗಾಳಿಯಲ್ಲಿ ನೇತುಬಿಟ್ಟು ಸೆಲ್ಫ್ ಹೊಡೆದರೆ ಸಿಡಿಐ (ಕಿಡಿ ಹೊಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಅಥವಾ ಇಗ್ನಿಷನ್ ಕಾಯಿಲ್ ಸುಡಬಹುದು. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆಯೇ ಇರಲಿ, ಅದಕ್ಕೆ ಬಿಗಿದ ಬೋಲ್ಟಿನ ಮೇಲಲ್ಲ. ಕೆಂಪು ಕಡ್ಡಿಯನ್ನು ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ. ಮೂರ್ನಾಲ್ಕು ಸೆಕೆಂಡ್ ಸೆಲ್ಫ್ ಒತ್ತಿ ಅಂಕಿ ಓದಿ. 0.2 ವೋಲ್ಟ್ ಒಳಗಿದ್ದರೆ ಅರ್ತ್ ಚೆನ್ನಾಗಿದೆ. 0.5 ದಾಟಿದರೆ ನೆಗೆಟಿವ್ ಕೇಬಲ್ಲಿನ ದಾರಿಯಲ್ಲಿ ಎಲ್ಲೋ ತಡೆಯಿದೆ. ಕಪ್ಪು ಕಡ್ಡಿಯನ್ನು ಕದಲಿಸದೆ ಕೆಂಪು ಕಡ್ಡಿಯನ್ನು ಒಂದೊಂದೇ ತಾಣಕ್ಕೆ ಸರಿಸಿ: ಮೊದಲು ಟರ್ಮಿನಲ್ ಬೋಲ್ಟ್, ಆಮೇಲೆ ಕೇಬಲ್ಲಿನ ಲಗ್ಗು (ತುದಿಯ ಲೋಹದ ಬಳೆ), ಆಮೇಲೆ ಆಚೆ ತುದಿಯ ಲಗ್ಗು, ಕೊನೆಗೆ ಇಂಜಿನ್. ಪ್ರತಿ ಸಲವೂ ಸೆಲ್ಫ್ ಒತ್ತಿ. ಅಂಕಿ ಎಲ್ಲಿ ತಟ್ಟನೆ ಏರುತ್ತದೋ ದೋಷ ಅಲ್ಲೇ ಇದೆ.

ನಂತರ ಹೆಡ್‌ಲೈಟ್ ಹಾಕಿ, ನೆಗೆಟಿವ್ ಟರ್ಮಿನಲ್ಲಿಗೂ ಹೆಡ್‌ಲೈಟಿನ ಅರ್ತ್ ವೈರಿಗೂ ನಡುವೆ ಅಳೆಯಿರಿ. ಹ್ಯಾಂಡಲ್ ತಿರುಗಿಸಿದಾಗ ಬೆಳಕು ಮಿಣುಕಿದರೆ, ಅಂಕಿ ಕುಣಿದರೆ, ಕರೆಂಟು ಹ್ಯಾಂಡಲ್ ಬೇರಿಂಗಿನ ಗ್ರೀಸ್ ದಾಟಿ ಬರುತ್ತಿದೆ ಎಂದರ್ಥ. ಹಳೆಯ ಮಾದರಿಗಳಲ್ಲಿ ಇದು ಸಾಮಾನ್ಯ. ಹೆಡ್‌ಲೈಟಿನಿಂದ ಬ್ಯಾಟರಿ ನೆಗೆಟಿವ್‌ವರೆಗೆ 1.5 ಚದರ ಮಿಲಿಮೀಟರಿನ ಪ್ರತ್ಯೇಕ ವೈರು ಎಳೆಯಿರಿ. ಹ್ಯಾಂಡಲ್ ಪೂರ್ತಿ ಹೊರಳುವಷ್ಟು ಸಡಿಲ ಬಿಟ್ಟಿರಿ.

ಪಾಸಿಟಿವ್ ಕಡೆ: ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಉರಿಯುತ್ತಿರುವ ಬಲ್ಬಿನ ಪಾಸಿಟಿವ್ ಪಿನ್ನಿಗೆ. 0.5 ವೋಲ್ಟ್ ಒಳಗಿದ್ದರೆ ಬಿಡಿ. ಹೆಚ್ಚಿದ್ದರೆ ಫ್ಯೂಸ್ ಹೋಲ್ಡರ್, ಇಗ್ನಿಷನ್ ಕೀ ಸ್ವಿಚ್, ಲೈಟ್ ಸ್ವಿಚ್ ಮೂರನ್ನೂ ಸಾಲಾಗಿ ನೋಡಿ. ಹ್ಯಾಲೊಜನ್ ಬಲ್ಬಿಗೆ ಶೇ 10ರಷ್ಟು ವೋಲ್ಟೇಜ್ ತಗ್ಗಿದರೆ ಬೆಳಕು ಸುಮಾರು ಶೇ 30ರಷ್ಟು ತಗ್ಗುತ್ತದೆ. ಬ್ಯಾಟರಿಯಿಂದಲೇ ಇಗ್ನಿಷನ್ ನಡೆಯುವ ಬೈಕಾದರೆ ಕಾಯಿಲ್ಲಿನ ಪಾಸಿಟಿವ್ ವೈರನ್ನೂ ಹೀಗೆ ಅಳೆಯಿರಿ; ಅಲ್ಲಿ 1 ವೋಲ್ಟ್ ಕಳೆದುಹೋಗುತ್ತಿದ್ದರೆ ಕಿಡಿ ದುರ್ಬಲವಾಗಿ, ತೇವ ಬಿದ್ದ ಕೂಡಲೇ ಮಿಸ್ ಹೊಡೆಯುತ್ತದೆ.

ದೋಷ ಸಿಕ್ಕಿದ ಮೇಲೆ ಅರೆಬರೆ ಕೆಲಸ ಬೇಡ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಅರ್ತ್ ಬೋಲ್ಟ್ ಪೂರ್ತಿ ಕಳಚಿ, ಲಗ್ಗಿನ ಎರಡೂ ಮುಖ, ಅದು ಕೂರುವ ಜಾಗ ಎಲ್ಲವನ್ನೂ ಹೊಳೆಯುವ ಲೋಹ ಕಾಣುವ ತನಕ ಉಜ್ಜಿ. ಫ್ರೇಮಿಗೆ ಹೊಸದಾಗಿ ಬಣ್ಣ ಹೊಡೆಸಿದ್ದರೆ ಈ ಜಾಗಗಳಲ್ಲಿ ಬಣ್ಣ ಕೆರೆಯಲೇಬೇಕು. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿ. ಡೈಎಲೆಕ್ಟ್ರಿಕ್ ಗ್ರೀಸ್ ಕರೆಂಟ್ ಹಾಯಿಸುವುದಿಲ್ಲ. ನೀರು ತಡೆಯುವುದಷ್ಟೇ ಅದರ ಕೆಲಸ.

ಕಪ್ಲರ್ ಬಿಚ್ಚುವಾಗ ವೈರು ಹಿಡಿದು ಎಳೆಯಬೇಡಿ, ಲಾಕ್ ಒತ್ತಿ ಪ್ಲಾಸ್ಟಿಕ್ ಹಿಡಿದು ಎಳೆಯಿರಿ. ಪಿನ್ನು ಹಸಿರಾಗಿದ್ದರೆ ಕ್ಲೀನರ್ ಹೊಡೆದು ಬ್ರಶ್ ಮಾಡಿ. ವೈರಿನ ತುದಿ ಸುಲಿದು ನೋಡಿ: ತಾಮ್ರ ಕಪ್ಪಾಗಿದ್ದರೆ ಹೊಳೆಯುವ ಎಳೆ ಸಿಗುವವರೆಗೆ ಹಿಂದಕ್ಕೆ ಕತ್ತರಿಸುತ್ತಾ ಹೋಗಿ, ಹೊಸ ಟರ್ಮಿನಲ್ ಕ್ರಿಂಪ್ ಮಾಡಿ (ಇಕ್ಕಳದಿಂದ ಒತ್ತಿ ಕೂರಿಸಿ). ಬೆಸುಗೆ ಬೇಡ, ಬೆಸುಗೆ ಹಾಕಿದಷ್ಟು ಉದ್ದ ವೈರು ಬಿರುಸಾಗಿ, ನಡುಕಕ್ಕೆ ಅದರ ಅಂಚಿನಲ್ಲೇ ತುಂಡಾಗುತ್ತದೆ. ಮೇಲೆ ಒಳಗಡೆ ಅಂಟು ಇರುವ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ತೊಡಿಸಿ. ಅಗ್ಗದ ಕಪ್ಪು ಟೇಪಿನ ಅಂಟು ಇಂಜಿನ್ ಬಿಸಿಗೆ ಕರಗಿ ಮಳೆ ನೀರನ್ನು ಒಳಗೇ ಹಿಡಿದಿಡುತ್ತದೆ. ವಿನೆಗರ್ ವಾಸನೆಯ ಸಿಲಿಕಾನ್ ಸೀಲೆಂಟ್ ಇನ್ನೂ ಕೆಟ್ಟದ್ದು, ಅದರಿಂದ ಹೊಮ್ಮುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ನಿಂತ ಬೈಕನ್ನು ಮನೆ ಮುಟ್ಟಿಸೀತು, ಆದರೆ ಅದನ್ನೇ ರಿಪೇರಿ ಅಂದುಕೊಳ್ಳಬೇಡಿ.

ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸ್ ಬದಲು ವೈರಿಂಗ್ ಸುಡುತ್ತದೆ.

ಹಂತ 3: ಮಳೆಯಲ್ಲಿ ಮಾತ್ರ ಮಿಸ್ ಹೊಡೆದರೆ

ಕತ್ತಲಲ್ಲಿ ಇಂಜಿನ್ ಐಡಲ್‌ನಲ್ಲಿ ಬಿಟ್ಟು, ಪ್ಲಗ್ ಕ್ಯಾಪ್, ಎಚ್‌ಟಿ ವೈರು (ಕಾಯಿಲ್ಲಿನಿಂದ ಪ್ಲಗ್ಗಿಗೆ ಹೋಗುವ ದಪ್ಪ ವೈರು), ಕಾಯಿಲ್ ಮೇಲೆ ಸ್ಪ್ರೇ ಬಾಟಲಿಯಿಂದ ತೆಳುವಾಗಿ ನೀರು ಸಿಂಪಡಿಸಿ. ಕೈ ದೂರವಿರಲಿ. ನೀಲಿ ಗೆರೆ ಹರಿದಾಡಿದ ಜಾಗದಲ್ಲಿ ಕಿಡಿ ಸೋರುತ್ತಿದೆ. ಹಳೆ ಕ್ಯಾಪುಗಳು ಸಾಮಾನ್ಯವಾಗಿ ವೈರಿಗೆ ಸ್ಕ್ರೂನಂತೆ ತಿರುಪಿಕೊಂಡಿರುತ್ತವೆ. ಇಂಜಿನ್ ಆಫ್ ಮಾಡಿ, ಕ್ಯಾಪ್ ಬಿಚ್ಚಿ, ವೈರಿನ ತುದಿ 5 ಮಿಲಿಮೀಟರ್ ಕತ್ತರಿಸಿ ಮತ್ತೆ ತಿರುಪಿ. ರೆಸಿಸ್ಟರ್ ಕ್ಯಾಪ್ ಹೆಚ್ಚಾಗಿ 5 ಕಿಲೋ ಓಮ್ ಇರುತ್ತದೆ. ಅದರ ಹಲವು ಪಟ್ಟು ತೋರಿಸಿದರೆ ಬಿಸಾಡಿ. ಪ್ಲಗ್ ಕೂತಿರುವ ಗುಂಡಿಗೆ ನೀರು ಹರಿದುಹೋಗುವ ಸಣ್ಣ ತೂತು ಇರುವ ಇಂಜಿನ್‌ಗಳುಂಟು. ಅದು ಕೆಸರಿಗೆ ಮುಚ್ಚಿದರೆ ಪ್ಲಗ್ ನೀರಲ್ಲೇ ನಿಂತಿರುತ್ತದೆ. ಸಪೂರ ತಂತಿ ಹಾಕಿ ಬಿಡಿಸಿ. ಕಿಲ್ ಸ್ವಿಚ್ಚು, ಸೈಡ್ ಸ್ಟ್ಯಾಂಡ್ ಸ್ವಿಚ್ಚುಗಳ ಒಳಗೂ ನೀರು ಸೇರುತ್ತದೆ. ಪ್ರೆಷರ್ ವಾಷರಿನ ಮೂತಿಯನ್ನು ಟ್ಯಾಂಕಿನ ಅಡಿಗೆ, ಸ್ವಿಚ್ಚುಗಳ ಕಡೆಗೆ ಎಂದೂ ತಿರುಗಿಸಬೇಡಿ.

ಹಂತ 4: ಚಾರ್ಜಿಂಗ್

5000 ಆರ್‌ಪಿಎಂ ಹತ್ತಿರ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಸಿಗಬೇಕು. 15 ದಾಟಿದರೆ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ಭಾಗ) ಕೆಟ್ಟಿದೆ ಅಥವಾ ಅದರ ಅರ್ತ್ ಸಡಿಲವಾಗಿದೆ. 13ಕ್ಕಿಂತ ಕೆಳಗಿದ್ದರೆ ಮ್ಯಾಗ್ನೆಟ್ ಕಾಯಿಲ್ಲಿನಿಂದ (ಇಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಸುರುಳಿ) ಬರುವ ಮೂರು ವೈರುಗಳ ಕಪ್ಲರನ್ನು ಮೊದಲು ನೋಡಿ, ಎಷ್ಟೋ ಸಲ ಅದು ಕಂದು ಬಣ್ಣಕ್ಕೆ ತಿರುಗಿ ಕರಗಿರುತ್ತದೆ. ಅದನ್ನು ಬಿಚ್ಚಿ, ವೈರುಗಳ ಮೂರೂ ಜೋಡಿಗಳ ನಡುವೆ ಎಸಿ ವೋಲ್ಟೇಜ್ ಅಳೆಯಿರಿ; ಮೂರೂ ಒಂದೇ ಸಮ ಇರಬೇಕು. ಇಂಜಿನ್ ನಿಲ್ಲಿಸಿ ನೋಡಿದರೆ ಯಾವ ವೈರಿಗೂ ಅರ್ತ್ ಜೊತೆ ಸಂಪರ್ಕ ಇರಬಾರದು. ರೆಗ್ಯುಲೇಟರ್ ತಣಿಯುವುದು ಗಾಳಿಯಿಂದ. ಅದರ ರೆಕ್ಕೆಗಳಲ್ಲಿ ಕೆಸರು ಕೂರಲು ಬಿಡಬೇಡಿ.

ಹಂತ 5: ಕುದಿಯುವ ಇಂಜಿನ್

ಗಾಳಿಯಿಂದ ತಣಿಯುವ ಇಂಜಿನ್ ಆದರೆ ಫಿನ್ನುಗಳ ಕೆಸರು ತೆಗೆಯಿರಿ, ಆಯಿಲ್ ಮಟ್ಟ ನೋಡಿ, ಕಾರ್ಬುರೇಟರಿಗೂ ಇಂಜಿನ್‌ಗೂ ನಡುವಿನ ರಬ್ಬರ್ ಜೋಡಣೆ ಬಿರುಕು ಬಿಟ್ಟಿದೆಯೇ ನೋಡಿ. ಬಿರುಕಿನಿಂದ ಗಾಳಿ ನುಗ್ಗಿದರೆ ಮಿಶ್ರಣ ಬಡವಾಗಿ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಇಂಜಿನ್ ಕಾಯುತ್ತದೆ.

ರೇಡಿಯೇಟರ್ ಇರುವ ಬೈಕಿನಲ್ಲಿ, ಓಡುವಾಗ ಸರಿಯಿದ್ದು ಟ್ರಾಫಿಕ್‌ನಲ್ಲಿ ಮಾತ್ರ ಕುದಿಯುತ್ತಿದ್ದರೆ ಮೊದಲ ಅನುಮಾನ ಫ್ಯಾನಿನ ಮೇಲಿರಲಿ. ಇಗ್ನಿಷನ್ ಆನ್ ಮಾಡಿ, ಫ್ಯಾನ್ ಸ್ವಿಚ್ಚಿನ ವೈರು ಕಿತ್ತು ಅರ್ತ್‌ಗೆ ಮುಟ್ಟಿಸಿ (ಎರಡು ವೈರಿನದಾದರೆ ಅವೆರಡನ್ನು ಪರಸ್ಪರ ಮುಟ್ಟಿಸಿ). ಫ್ಯಾನ್ ತಿರುಗಿದರೆ ದೋಷ ಸ್ವಿಚ್ಚಿನಲ್ಲಿ ಅಥವಾ ಅದರ ಅರ್ತ್‌ನಲ್ಲಿ. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟರ್. ನಿಧಾನ ತಿರುಗಿದರೆ ಮತ್ತೆ ಎರಡನೇ ಹಂತದ ವೋಲ್ಟೇಜ್ ಡ್ರಾಪ್ ಪರೀಕ್ಷೆ. ಒಂದೇ ವೈರಿನ ಸ್ವಿಚ್ಚಿಗೆ ಅರ್ತ್ ಸಿಗುವುದು ಅದರ ತಿರುಪಿನ ಮರೆಯ (ಥ್ರೆಡ್ಡಿನ) ಮೂಲಕ. ಸೋರಬಾರದೆಂದು ಅದಕ್ಕೆ ಬಿಳಿ ಟೆಫ್ಲಾನ್ ಟೇಪ್ ಸುತ್ತಿದರೆ ಅರ್ತ್ ಕೆಡುತ್ತದೆ, ಫ್ಯಾನ್ ಏಳುವುದೇ ಇಲ್ಲ. ತಾಪದ ಸೆನ್ಸರಿಗೂ ಇದೇ ಮಾತು: ಇಂಜಿನ್ ಕುದಿಯುತ್ತಿದ್ದರೂ ಮೀಟರ್ ತಣ್ಣಗೆ ತೋರಿಸುತ್ತದೆ.

ಫ್ಯಾನ್ ಸರಿಯಿದ್ದರೆ ರೇಡಿಯೇಟರ್ ಮುಚ್ಚಳ. ಇಂಜಿನ್ ಬಿಸಿಯಿದ್ದಾಗ ತೆರೆದರೆ ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ. ಪೂರ್ತಿ ಆರುವ ತನಕ ಕಾಯಿರಿ. ಮುಚ್ಚಳ ಹೊರಗಿನ ಗಾಳಿಗಿಂತ 1.1 ಬಾರ್ ಹೆಚ್ಚು ಒತ್ತಡ ಹಿಡಿದಿಟ್ಟರೆ ನೀರು ಕುದಿಯುವುದು 100ರ ಬದಲು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮುಚ್ಚಳದ ರಬ್ಬರ್ ಬಿರಿದಿದ್ದರೆ ಈ ಲಾಭವೆಲ್ಲ ಹೋಯಿತು. ಥರ್ಮೋಸ್ಟಾಟನ್ನು (ಬಿಸಿಯಾದಾಗ ಕೂಲಂಟಿಗೆ ದಾರಿ ಬಿಡುವ ಕವಾಟ) ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಅಚ್ಚಾದ ತಾಪದ ಆಸುಪಾಸಿನಲ್ಲಿ ಬಾಯಿ ತೆರೆಯಬೇಕು. ತೆಗೆದು ಬಿಸಾಡುವ ಅಡ್ಡದಾರಿ ಬೇಡ, ಚಳಿಯಲ್ಲಿ ಇಂಜಿನ್ ಕಾಯುವುದೇ ಇಲ್ಲ. ಪಂಪಿನ ಅಡಿಯ ಸಣ್ಣ ತೂತಿನಿಂದ ಕೂಲಂಟ್ ತೊಟ್ಟಿಕ್ಕಿದರೆ ಪಂಪಿನ ಸೀಲ್ ಸವೆದಿದೆ. ತೂತು ಮುಚ್ಚಬೇಡಿ, ಸೀಲ್ ಬದಲಾಯಿಸಿ.

ಕೂಲಂಟ್ ಸಿಲಿಕೇಟ್ ಇಲ್ಲದ್ದಾಗಿರಲಿ, ಡಿಸ್ಟಿಲ್ಡ್ ವಾಟರ್ ಜೊತೆ ಸಮಸಮ ಬೆರೆಸಿ. ಈ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ನೀರು ಬೆರೆಸದ ಬರೀ ಗ್ಲೈಕಾಲ್ ಬೇಗ ಹೆಪ್ಪುಗಟ್ಟುತ್ತದೆ, ಶಾಖವನ್ನೂ ಕಡಿಮೆ ಸಾಗಿಸುತ್ತದೆ. ಸೋರಿಕೆ ಮುಚ್ಚುವ ಪುಡಿ ರೇಡಿಯೇಟರಿನ ಸಪೂರ ಕೊಳವೆಗಳನ್ನೂ ಮುಚ್ಚುತ್ತದೆ, ಕೈಯಲ್ಲೂ ಮುಟ್ಟಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕುವ ಮೊದಲೇ ತೊಳೆಯಿರಿ.

ಬಿಸಿಯಾದಾಗ ನಿಂತು, ತಣ್ಣಗಾದಾಗ ಹೊರಟರೆ

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಒಮ್ಮೆ ತೆರೆದು ಮುಚ್ಚಿ. ಆಮೇಲೆ ಬೈಕು ಹೊರಟರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಅದಲ್ಲವಾದರೆ ಪಿಕಪ್ ಕಾಯಿಲ್ (ಕಿಡಿಯ ಸಮಯ ತಿಳಿಸುವ ಸುರುಳಿ) ಅಥವಾ ಇಗ್ನಿಷನ್ ಕಾಯಿಲ್. ತಣ್ಣಗಿರುವಾಗ ಓಮ್ಸ್ ಅಳೆದು ಬರೆದಿಟ್ಟುಕೊಳ್ಳಿ, ಹೇರ್ ಡ್ರೈಯರ್‌ನಿಂದ ಕಾಯಿಸಿ ಮತ್ತೆ ಅಳೆಯಿರಿ. ತಾಮ್ರವಾದ್ದರಿಂದ ಅಂಕಿ ಕೊಂಚ ಏರುವುದು ಸಹಜ. ಏಕಾಏಕಿ ಅನಂತಕ್ಕೆ ಜಿಗಿದರೆ ಕಾಯಿಲ್ಲಿನ ಒಳಗೆ ತಂತಿ ತುಂಡಾಗಿ, ತಣ್ಣಗಿರುವಾಗ ಮಾತ್ರ ತುದಿಗಳು ತಾಗುತ್ತಿವೆ. ಅದನ್ನು ಬದಲಾಯಿಸದೆ ಬೇರೆ ದಾರಿಯಿಲ್ಲ.