ಗಣಿ ದಿಬ್ಬದ ಮೇಲೆ ಕುರುಚಲು ಕಾಡು ಎಬ್ಬಿಸುವುದು ಹೇಗೆ?

ಸಂಡೂರು ಸೀಮೆಯ ಗಣಿ ದಿಬ್ಬಕ್ಕೆ, ಅಂದರೆ ಕಬ್ಬಿಣದ ಗಣಿಯಿಂದ ತೆಗೆದ ಬೇಡದ ಮಣ್ಣು, ಕಲ್ಲು ಸುರಿದ ಗುಡ್ಡೆಗೆ, ಹಸಿರು ಹೊದಿಸಬೇಕು ಎಂದರೆ ಬಹಳ ಮಂದಿಗೆ ತಟ್ಟನೆ ನೆನಪಾಗುವುದು ಸಾಲುಸಾಲು ಅಕೇಶಿಯಾ, ಗ್ಲಿರಿಸಿಡಿಯಾ. ಬೇಗ ಬೆಳೆಯುತ್ತವೆ, ಫೋಟೊಕ್ಕೂ ಚೆಂದ. ಆದರೆ ಅಲ್ಲಿ ಕರಡಿಗೆ ಹಣ್ಣಿಲ್ಲ, ಗೌಜಲಹಕ್ಕಿಗೆ ಮರೆಯಿಲ್ಲ. ಪಕ್ಕದ ದರೋಜಿ 1994ರಲ್ಲಿ ಕರಡಿಧಾಮವಾಯಿತಲ್ಲ, ಅಲ್ಲಿರುವುದು ಬಂಡೆ, ಮುಳ್ಳು, ಬಾರೆ, ಕವಳೆ. ನಮ್ಮ ದಿಬ್ಬಕ್ಕೂ ಬೇಕಾದದ್ದು ಅದೇ.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಗಣಿಗಳಿಗೆ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ನೀವು ಕೆಲಸ ಮಾಡುವ ಗಣಿ ಗುತ್ತಿಗೆಯ ಯೋಜನೆಯನ್ನು ಮೊದಲು ಓದಿ. ಅರಣ್ಯ ಭೂಮಿಯಾದರೆ ಇಲಾಖೆಯ ಒಪ್ಪಿಗೆಯಿಲ್ಲದೆ ಗುದ್ದಲಿ ಹಾಕುವಂತಿಲ್ಲ.

ಮೊದಲು ಇಳಿಜಾರು, ಆಮೇಲೆ ಗಿಡ

ದಿಬ್ಬದ ಒಟ್ಟು ಇಳಿಜಾರು 28 ಡಿಗ್ರಿ ಮೀರಬಾರದು. ಅಂದಾಜಿಗೆ ಒಂದು ಅಡಿ ಎತ್ತರಕ್ಕೆ ಎರಡು ಅಡಿ ಹರವು. ಅದಕ್ಕಿಂತ ಕಡಿದಾದರೆ ಮೆಟ್ಟಿಲಿನ ಹಾಗೆ ಬೆಂಚ್ ಕತ್ತರಿಸಿ, ಪ್ರತಿ ಬೆಂಚನ್ನೂ ಒಳಮುಖಕ್ಕೆ ತುಸು ವಾಲಿಸಿ. ಹೊರಮುಖಕ್ಕೆ ವಾಲಿದರೆ ಮೇಲಿನ ಬೆಂಚಿನ ನೀರೆಲ್ಲ ಕೆಳಗಿನದರ ಅಂಚನ್ನು ಕೊರೆಯುತ್ತದೆ. ಬುಡದಲ್ಲಿ ಕಲ್ಲಿನ ತಡೆಗೋಡೆ, ಅದರ ಹೊರಗೆ ಸುತ್ತುಗಾಲುವೆ, ಕಾಲುವೆಯ ಕೊನೆಗೆ ಹೂಳು ನಿಲ್ಲುವ ಹೊಂಡ. ಹೊಂಡದ ಹೂಳನ್ನು ಮಳೆಗಾಲಕ್ಕೆ ಮೊದಲೇ ತೆಗೆಸದಿದ್ದರೆ ಕೆಂಪು ನೀರು ನೇರ ಕೆಳಗಿನ ಹೊಲಕ್ಕೆ, ಕೆರೆಗೆ ನುಗ್ಗುತ್ತದೆ. ಕಡಿದಾದ ಮುಖಗಳಿಗೆ ತೆಂಗಿನ ನಾರಿನ ಜಾಲ ಹಾಸಿ. ಜಾಲ ಮಣ್ಣಿಗೆ ಅಂಟಿಕೊಂಡಿರಬೇಕು. ಕೆಳಗೆ ಕೈ ತೂರುವಷ್ಟು ಸಂದಿಯಿದ್ದರೆ ನೀರು ಅದರಡಿಯೇ ಹರಿದು ಕೊರಕಲು ಬೀಳುತ್ತದೆ.

ಮಣ್ಣಿನ ಪರೀಕ್ಷೆ ಒಂದು ರಾತ್ರಿಯದು

ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಸಂಜೆ ನೀರು ತುಂಬಿಸಿ. ಬೆಳಗ್ಗೆಯೂ ನೀರು ನಿಂತಿದ್ದರೆ ಡಂಪರ್ ಓಡಾಡಿ ನೆಲ ಗಟ್ಟಿಯಾಗಿದೆ ಎಂದೇ ಲೆಕ್ಕ. ಅಂಥಲ್ಲಿ ನೆಟ್ಟ ಸಸಿ ಮಳೆಯಲ್ಲಿ ಬೇರು ಕೊಳೆತು, ಬೇಸಿಗೆಯಲ್ಲಿ ಒಣಗಿ, ಎರಡು ಸಲ ಸಾಯುತ್ತದೆ. ಸಮತಟ್ಟು ಜಾಗವನ್ನು ಏಪ್ರಿಲ್‌ನಲ್ಲೇ ರಿಪ್ಪರ್ (ಯಂತ್ರದ ಹಿಂದಿನ ಕಬ್ಬಿಣದ ಕೊಕ್ಕೆ) ಹಾಕಿ 50–60 ಸೆಂ.ಮೀ. ಆಳ ಸೀಳಿಸಿ. ಇಳಿಜಾರಿಗೆ ಅಡ್ಡ ಸೀಳಬೇಕು, ಉದ್ದಕ್ಕೆ ಸೀಳಿದರೆ ಪ್ರತಿ ಗೆರೆಯೂ ಕಾಲುವೆಯಾದೀತು.

ಗುಡ್ಡೆ ಹಾಕಿಟ್ಟ ಮೇಲ್ಮಣ್ಣು ಇದ್ದರೆ 15–30 ಸೆಂ.ಮೀ. ಹರಡಿ. ಎತ್ತರಕ್ಕೆ ಪೇರಿಸಿ ವರ್ಷಗಟ್ಟಲೆ ಬಿಟ್ಟ ಮಣ್ಣಿನಲ್ಲಿ ಬೀಜವೂ ಸೂಕ್ಷ್ಮಜೀವಿಯೂ ಬಹಳಷ್ಟು ಸತ್ತಿರುತ್ತವೆ. ಮಣ್ಣು ಸಾಲದಿದ್ದರೆ ಎಲ್ಲೆಡೆ ತೆಳ್ಳಗೆ ಸವರಬೇಡಿ, ಗಿಡದ ಗುಂಡಿಗಳಿಗೆ ಮಾತ್ರ ಬಳಸಿ. ಕಬ್ಬಿಣದ ಮಣ್ಣು ರಂಜಕವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಹಾಗಾಗಿ ಗೊಬ್ಬರ ಮೇಲೆ ಎರಚಿ ಪ್ರಯೋಜನವಿಲ್ಲ. ಗುಂಡಿಗೆ ಮೂರು ಕಿಲೊ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೇರಿನ ಹತ್ತಿರವೇ ಬೀಳಲಿ.

ಇಳಿಜಾರಿನಲ್ಲಿ 45 ಸೆಂ.ಮೀ. ಅಗಲ, ಅಷ್ಟೇ ಆಳ, ಮೂರು ಮೀಟರ್ ಉದ್ದದ ಟ್ರೆಂಚ್‌ಗಳನ್ನು ಇಟ್ಟಿಗೆ ಕಟ್ಟಿದ ಹಾಗೆ ಬಿಟ್ಟುಬಿಟ್ಟು ತೋಡಿ. ಮಟ್ಟ ನೋಡಲು ಇಂಗ್ಲಿಷಿನ A ಅಕ್ಷರದ ಹಾಗೆ ಜೋಡಿಸಿದ ಎರಡು ಕೋಲು, ಅಡ್ಡಪಟ್ಟಿ, ದಾರಕ್ಕೆ ಕಟ್ಟಿದ ಕಲ್ಲು ಸಾಕು. ಕಣ್ಣಳತೆ ಬೇಡ: ಒಂದು ತುದಿ ನಾಲ್ಕು ಬೆರಳು ತಗ್ಗಿದರೂ ನೀರು ಅಲ್ಲಿ ಒಡೆದು ಹರಿಯುತ್ತದೆ. ತೆಗೆದ ಮಣ್ಣನ್ನು ಕೆಳಬದಿಗೆ ಏರಿ ಮಾಡಿ, ಅದರ ಮೇಲೇ ಬೀಜ ಬಿತ್ತಿ.

ಬೀಜಕ್ಕೊಂದು ಉಪಚಾರ

ತಂಗಡಿ, ಬಂದರಿಕೆ ಮೊದಲ ವರ್ಷದ ಗಿಡಗಳು. ಆಡು, ಕುರಿ ಬಾಯಿ ಹಾಕುವುದಿಲ್ಲ ಎಂಬುದೇ ಇವುಗಳ ದೊಡ್ಡ ಗುಣ. ಇವುಗಳ ನೆರಳಲ್ಲಿ ಮಿಕ್ಕವು ಬದುಕುತ್ತವೆ. ತಂಗಡಿ ಬೀಜದ ಸಿಪ್ಪೆ ಗಟ್ಟಿ. ನೀರು ಕುದಿಸಿ, ಒಲೆಯಿಂದಿಳಿಸಿ, ಎರಡು ನಿಮಿಷ ತಾಳಿ, ಬೀಜದ ಐದು ಪಟ್ಟು ನೀರನ್ನು ಬೀಜದ ಮೇಲೆ ಸುರಿದು ರಾತ್ರಿ ಬಿಡಿ. ಬೆಳಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದವಕ್ಕೆ ಇನ್ನೊಮ್ಮೆ ಬಿಸಿನೀರು. ಒಲೆಯ ಮೇಲಿಟ್ಟೇ ಕುದಿಸಿದರೆ ಬೀಜ ಬೇಯುತ್ತದೆ, ಮೊಳೆಯುವುದಿಲ್ಲ. ಎಕರೆಗೆ ತಂಗಡಿ ಎರಡು ಕಿಲೊ, ಬಂದರಿಕೆ ಅರ್ಧ ಕಿಲೊ, ಸ್ಥಳೀಯ ಹುಲ್ಲಿನ ಬೀಜ ಮೂರು ಕಿಲೊ. ಹುಲ್ಲಿನ ಬೀಜ ಗಾಳಿಗೆ ಹಾರುವುದರಿಂದ ನಾಲ್ಕು ಪಾಲು ಒದ್ದೆ ಮಸಾರಿ ಮಣ್ಣಿನಲ್ಲಿ ಕಲಸಿ ಎರಚಿ.

ಬಾರೆ ಓಟೆಯನ್ನು ಹುಷಾರಾಗಿ ಸುತ್ತಿಗೆಯಿಂದ ತಟ್ಟಿ ಬಿರುಕು ಬಿಡಿಸಿದರೆ ವಾರದೊಳಗೆ ಮೊಳಕೆ. ಹಾಗೇ ಹಾಕಿದರೆ ಮೂರು ನಾಲ್ಕು ವಾರ. ಕವಳೆ, ಬೇವಿನ ಬೀಜಗಳಿಗೆ ಆಯುಷ್ಯ ಕಡಿಮೆ, ಹಣ್ಣಿನಿಂದ ತೆಗೆದ ವಾರದಲ್ಲೇ ಬಿತ್ತಬೇಕು. ಕಮರ ಬಹುಬೇಗ ತಾಯಿಬೇರು ಇಳಿಸುವ ಮರ. ಪಾಕೆಟ್‌ನಲ್ಲಿ ಬೇರು ಸುರುಳಿ ಸುತ್ತುವುದಕ್ಕಿಂತ ನೇರ ಬಿತ್ತನೆಯೇ ವಾಸಿ. ಬೀಜ ಅಭಯಾರಣ್ಯದಿಂದ ಆಯ್ದು ತರಬೇಡಿ, ಅದು ಅಪರಾಧ.

ಗುಂಪಾಗಿ ನೆಡಿ

ಬಾರೆ, ಕವಳೆ, ಕಾರೆ, ಜಾನೆ, ಅಲ್ಲೊಂದು ಕಕ್ಕೆ, ತುಗ್ಗಲಿ: ಐದು ಮೀಟರ್ ಅಗಲದ ವೃತ್ತದಲ್ಲಿ 15 ಗಿಡ, ಎಕರೆಗೆ ಸುಮಾರು 20 ಗುಂಪು. ನಡುವಿನ ಜಾಗ ಹುಲ್ಲಿಗೆ ಬಿಡಿ. ಎಲ್ಲವನ್ನೂ ಮುಚ್ಚಿದರೆ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗೆ ಎಡೆಯಿರುವುದಿಲ್ಲ. ಮೊದಲ ಹದ ಮಳೆಗೆ ಬಿತ್ತನೆ. ಸೆಪ್ಟೆಂಬರ್ ಮಳೆಗೆ ಸತ್ತ ಗಿಡಗಳ ಜಾಗಕ್ಕೆ ಬದಲಿ ನೆಡುವಿಕೆ. ಐದಡಿ ಎತ್ತರದ ನರ್ಸರಿ ಸಸಿ ಕಣ್ಣಿಗೆ ಹಬ್ಬ, ಏಪ್ರಿಲ್ ಬಿಸಿಲಿಗೆ ಸೌದೆ. ಒಂದೂವರೆ ಅಡಿಯದು ಸಾಕು. ಟ್ಯಾಂಕರ್ ನೀರನ್ನು ಮೇಲ್ಮೇಲೆ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ. ಕೊಡುವುದಾದರೆ ಹದಿನೈದು ದಿನಕ್ಕೊಮ್ಮೆ ಗುಂಡಿ ತುಂಬ ಕೊಡಿ.

ಗುಂಪಿಗೊಂದು ಕಲ್ಲಿನ ರಾಶಿ ಇರಲಿ, ಉಡ, ಮುಂಗುಸಿಗೆ ಆಸರೆ. ಹುತ್ತ ಕಂಡರೆ ಕೆಡವಬೇಡಿ, ಗೆದ್ದಲು ಕರಡಿಯ ಊಟ. ಮೂರು ಮೀಟರ್ ಕಂಬದ ತುದಿಗೆ ಅಡ್ಡಕೋಲು ಕಟ್ಟಿ ನಿಲ್ಲಿಸಿದರೆ ಹಣ್ಣು ತಿಂದ ಪಿಕಳಾರ ಅಲ್ಲಿ ಕೂತು ಹಿಕ್ಕೆಯಲ್ಲಿ ಬೀಜ ಉದುರಿಸುತ್ತದೆ. ಈ ಬಂಡೆಗುಡ್ಡಗಳ ಹಳದಿ ಕೊರಳಿನ ಪಿಕಳಾರ ಅಪರೂಪದ್ದು ಬೇರೆ. ನೀರು ನಿಂತ ಗಣಿ ಗುಂಡಿಯ ಒಂದು ಬದಿಯನ್ನಾದರೂ ಇಳಿಜಾರಾಗಿ ಕಡಿಯಿರಿ, ಇಲ್ಲದಿದ್ದರೆ ನೀರಿಗಿಳಿದ ಪ್ರಾಣಿ ಮೇಲೆ ಬರಲಾರದು.

ಮೂರು ವರ್ಷದ ಕಾವಲು

ಜನವರಿಗೆ ಹುಲ್ಲು ಒಣಗುತ್ತಲೇ ಸುತ್ತ ಮೂರು ಮೀಟರ್ ಅಗಲದ ಬೆಂಕಿಗೆರೆ ಕೆತ್ತಿಸಿ. ಬಳ್ಳಾರಿ ಜಾಲಿ, ಲಂಟಾನ ಹೊಕ್ಕರೆ ಮಳೆ ಬಿದ್ದ ಮರುವಾರವೇ, ಮೊಣಕಾಲೆತ್ತರ ಇರುವಾಗಲೇ ಬೇರುಸಮೇತ ಕೀಳಿಸಿ. ಕತ್ತರಿಸಿ ಬಿಟ್ಟ ಜಾಲಿ ಬುಡದಿಂದ ನಾಲ್ಕಾಗಿ ಚಿಗುರುತ್ತದೆ. ಬದುಕಿದ ಸಸಿ ಎಣಿಸುವುದರ ಜೊತೆಗೆ, ಬಾರೆ ಹಣ್ಣಿನ ಕಾಲ ಮುಗಿದ ಮೇಲೆ ದಿಬ್ಬದ ಸುತ್ತ ಕರಡಿ ಲದ್ದಿ ಹುಡುಕಿ. ಅದರಲ್ಲಿ ಬಾರೆ ಓಟೆ, ಕಕ್ಕೆ ಬೀಜ ಸಿಕ್ಕರೆ ಮುಟ್ಟದೆ ಅಲ್ಲೇ ಬಿಡಿ, ಜಾಗಕ್ಕೊಂದು ಗುರುತಿನ ಕಲ್ಲಿಡಿ. ಮಳೆ ಬಿದ್ದ ಮೇಲೆ ಅಲ್ಲೇನು ಮೊಳೆತಿದೆ ಎಂದು ಹೋಗಿ ನೋಡಿ.