ಮಾರಿದ ಗಿಲಕಿಗಳನ್ನು ವಾಪಸ್ ತರಿಸಿದ್ದು ಹೀಗೆ

ದಾವಣಗೆರೆಯ ಮಂಡಿಪೇಟೆ ಹತ್ತಿರ ನನ್ನದೊಂದು ಆಟಿಕೆ ಅಂಗಡಿ ಇದೆ. ದೊಡ್ಡ ಕಂಪನಿಗಳು ಮಾರಿದ ಆಟಿಕೆಯನ್ನು ವಾಪಸ್ ತರಿಸಿಕೊಂಡ ಸುದ್ದಿ ಆಗಾಗ ಓದುತ್ತೇವೆ. 2007ರಲ್ಲಿ ಮ್ಯಾಟೆಲ್ ಕಂಪನಿ, ಸಣ್ಣ ಆಯಸ್ಕಾಂತ ಕಳಚಿ ಬೀಳುತ್ತಿದ್ದ ಆಟಿಕೆಗಳನ್ನು ಲಕ್ಷಗಟ್ಟಲೆ ವಾಪಸ್ ಕರೆಸಿತ್ತು. ನಮ್ಮಲ್ಲೂ 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಅಪಾಯದ ಮಾಲನ್ನು ವಾಪಸ್ ತರಿಸುವ ಅಧಿಕಾರ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೆ ಇದೆ. ಆದರೆ ಹೋಲ್‌ಸೇಲ್‌ನಲ್ಲಿ ಡಜನ್ ಲೆಕ್ಕದಲ್ಲಿ ಬಂದ ಗಿಲಕಿ ಈಗ ಜಗಳೂರಿನ ಯಾವ ಮನೆಯಲ್ಲಿದೆ ಅಂತ ದೆಹಲಿಯವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಾಗುವುದಿದ್ದರೆ ಮಾರಿದವನಿಗೆ ಮಾತ್ರ. ಅದಕ್ಕೇ ಈ ಕೆಲಸ ಅಂಗಡಿಯವನದ್ದೇ ಅಂತ ನಾನು ನಂಬಿದ್ದೇನೆ.

ನಿಟ್ಟುವಳ್ಳಿ ಕಡೆಯ ಒಬ್ಬ ತಾಯಿ ಒಂದು ಗಿಲಕಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದರು. "ಅಣ್ಣಾ, ಮಂಚದಿಂದ ಬಿದ್ದಿದ್ದೇ ತಡ, ಬಾಯಿ ಬಿಟ್ಕೊಂಡಿತು ನೋಡಿ. ಮಗು ಇನ್ನೂ ಎಂಟು ತಿಂಗಳದ್ದು" ಅಂದರು. ಎರಡು ಹೋಳು ಸೇರಿಸಿದ ಗೆರೆ ಬಿಟ್ಟಿತ್ತು. ಅಂಟು ಒಂದೇ ಕಡೆ ಹತ್ತಿತ್ತು, ಇನ್ನೊಂದು ಕಡೆ ಪ್ಲಾಸ್ಟಿಕ್ ನುಣ್ಣಗೆ ಹಾಗೇ ಇತ್ತು. ಒಳಗಿದ್ದದ್ದು ಕಡಲೆಕಾಳು ಗಾತ್ರದ ಮಣಿಗಳು.

ಮೊದಲು ಆ ಲಾಟನ್ನು, ಅಂದರೆ ಅದರ ಜೊತೆ ಒಟ್ಟಿಗೆ ಬಂದ ಮಾಲನ್ನು, ಪೂರ್ತಿ ಹಲಗೆಯಿಂದ ಕೆಳಗಿಳಿಸಿದೆ. ಉಳಿದ ಪೀಸ್‌ಗಳಲ್ಲಿ ಕೆಲವನ್ನು ನೆಲಕ್ಕೆ ಹಾಕಿ ನೋಡಿದೆ. ಒಂದೂವರೆ ವರ್ಷದೊಳಗಿನ ಮಕ್ಕಳ ಆಟಿಕೆಯನ್ನು ಲ್ಯಾಬ್‌ನಲ್ಲಿ ಸುಮಾರು ನಾಲ್ಕೂವರೆ ಅಡಿ ಎತ್ತರದಿಂದ 10 ಸಲ ಬೀಳಿಸುತ್ತಾರೆ. ಇವು ಅಷ್ಟು ಸಲ ಬೀಳುವ ಮೊದಲೇ ಬಿಟ್ಟವು.

ಗಲ್ಲಾ ಪಕ್ಕದಲ್ಲಿ ನಾನು ಒಂದು ಕೊಳವೆ ಇಟ್ಟಿದ್ದೇನೆ. ಪರಿಚಯದ ಲೇತ್‌ನವರ ಹತ್ತಿರ ಅಳತೆ ಕೊಟ್ಟು ಮಾಡಿಸಿದ್ದು. ಒಳಅಗಲ 31.7 ಮಿ.ಮೀ. ತಳ ಓರೆಯಾಗಿದೆ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿ.ಮೀ. ಯಾವುದೇ ತುಂಡನ್ನು ಒತ್ತದೆ ಸುಮ್ನೆ ಒಳಗೆ ಬಿಡಬೇಕು. ಪೂರ್ತಿ ಮುಳುಗಿದರೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಮೂರು ವರ್ಷದೊಳಗಿನ ಮಗುವಿನ ಕೈಗೆ ಕೊಡುವ ವಸ್ತು ಅಲ್ಲ. ಚೆಂಡಿಗೆ ಈ ಕೊಳವೆ ಸಾಲುವುದಿಲ್ಲ, 44.5 ಮಿ.ಮೀ. ರಿಂಗ್ ಬೇಕು. 40 ಮಿ.ಮೀ. ಇರುವ ಟೇಬಲ್ ಟೆನಿಸ್ ಚೆಂಡು ಕೊಳವೆಯಲ್ಲಿ ಹೋಗುವುದಿಲ್ಲ, ರಿಂಗ್‌ನಲ್ಲಿ ಸಲೀಸಾಗಿ ದಾಟುತ್ತದೆ. ಅಂದರೆ ಅದೂ ಪುಟ್ಟ ಮಕ್ಕಳಿಗೆ ಆಗದು. ಇದನ್ನು ಗಿರಾಕಿಗಳ ಕಣ್ಣೆದುರೇ ಮಾಡಿ ತೋರಿಸುತ್ತೇನೆ. ಬಾಯಲ್ಲಿ ಹೇಳಿದರೆ ಅಜ್ಜಂದಿರು ಒಪ್ಪುವುದಿಲ್ಲ, ಕಣ್ಣಾರೆ ಕಂಡರೆ ಒಪ್ಪುತ್ತಾರೆ.

ಹೋಲ್‌ಸೇಲ್‌ನವರಿಗೆ ಫೋನ್ ಮಾಡಿದೆ. "ಒಡೆದ ಪೀಸ್ ಕಳಿಸಿ, ಬೇರೆ ಕೊಡ್ತೀವಿ" ಅಂದರು. ನನಗೆ ಬೇರೆ ಪೀಸ್ ಬೇಕಿರಲಿಲ್ಲ, ಅದೇ ಲಾಟು ಬೇರೆ ಊರಿನ ಅಂಗಡಿಗಳಲ್ಲೂ ನಿಲ್ಲಬೇಕಿತ್ತು. ಪ್ಯಾಕೆಟ್ ಮೇಲೆ ಐಎಸ್‌ಐ ಗುರುತೇನೋ ಇತ್ತು. 2021ರ ಜನವರಿ 1ರಿಂದ ಆಟಿಕೆಗೆ ಅದು ಕಡ್ಡಾಯ. ಗುರುತಿನ ಜೊತೆಗಿರುವ ಸಿಎಂ/ಎಲ್ ನಂಬರನ್ನು (ಲೈಸೆನ್ಸ್ ನಂಬರ್) ಆ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ಲೈಸೆನ್ಸ್ ಅಂತ ತೋರಿಸುತ್ತದೆ. ಹಾಕಿದೆ. ಆಟಿಕೆಗೆ ಸಂಬಂಧವೇ ಇಲ್ಲದ ಇನ್ಯಾವುದೋ ಮಾಲಿನ ಲೈಸೆನ್ಸ್ ಬಂತು! ಅದರ ಫೋಟೋ ಇಟ್ಟುಕೊಂಡು ಆ್ಯಪ್‌ನಲ್ಲೇ ದೂರು ಕೊಟ್ಟೆ. ಗ್ರಾಹಕ ಸಹಾಯವಾಣಿ 1915ಕ್ಕೂ ಮಾಡಬಹುದು. (ಚನ್ನಪಟ್ಟಣದ ಗೊಂಬೆಗೆ ಐಎಸ್‌ಐ ಯಾಕಿಲ್ಲ ಅಂತ ಕೇಳುವವರಿದ್ದಾರೆ. ಜಿಐ (ಭೌಗೋಳಿಕ ಗುರುತು) ನೋಂದಣಿ ಇರುವವರಿಗೆ ಐಎಸ್‌ಐ ಕಡ್ಡಾಯ ಮಾಡಿದ ಸರ್ಕಾರಿ ಆದೇಶದಲ್ಲಿ ವಿನಾಯಿತಿ ಇದೆ. ನಾನು ಮಾತ್ರ ಅದರ ಬಿಡಿ ಭಾಗಗಳನ್ನೂ ಕೊಳವೆಗೆ ಹಾಕಿಯೇ ಮಾರುತ್ತೇನೆ.)

ಕಷ್ಟ ಇದ್ದದ್ದು ಮಾರಿಹೋದವುಗಳದ್ದು. ಬಿಲ್ ಬುಕ್ಕಿನಲ್ಲಿ ಫೋನ್ ನಂಬರ್ ಇದ್ದವರಿಗೆಲ್ಲ ಕರೆ ಮಾಡಿದೆ. ಫೋನ್‌ಪೇ ಮಾಡಿದವರನ್ನು ಹೆಸರು, ತಾರೀಕು ನೋಡಿ ಹುಡುಕಿದೆ. ಗಿಲಕಿಯ ಫೋಟೋದಲ್ಲಿ ಅಂಟಿನ ಗೆರೆಗೆ ಕೆಂಪು ಸುತ್ತು ಹಾಕಿ ವಾಟ್ಸಾಪ್ ಸ್ಟೇಟಸ್ ಇಟ್ಟೆ. ಅಂಗಡಿ ಮುಂದೆ ದಪ್ಪಕ್ಷರದ ಬೋರ್ಡ್ ಹಾಕಿದೆ: "ಈ ಗಿಲಕಿ ಮಗುವಿಗೆ ಕೊಡಬೇಡಿ. ಬಿಲ್ ಇಲ್ಲದಿದ್ದರೂ ದುಡ್ಡು ವಾಪಸ್." ಈ ಕೊನೆಯ ಮಾತೇ ಜನರನ್ನು ಕರೆತಂದಿದ್ದು. ಅಂಗನವಾಡಿ ಟೀಚರ್ ಒಬ್ಬರು ಫೋಟೋವನ್ನು ತಮ್ಮ ತಾಯಂದಿರ ಗ್ರೂಪಿಗೆ ಹಾಕಿದರು. ಹರಿಹರ, ಹೊನ್ನಾಳಿಯಿಂದೆಲ್ಲ ಬಂದವು. ಬಂದದ್ದನ್ನು ಅಲ್ಲೇ ಮುರಿದು ಡಬ್ಬಿಗೆ ಹಾಕಿದೆ, ಇಡಿಯಾಗಿ ಬಿಸಾಡಿದರೆ ಇನ್ಯಾರದೋ ಮಗುವಿನ ಕೈಗೆ ಹೋಗುತ್ತದೆ. ದೂರಿಗೆ ಬೇಕಾಗುತ್ತದೆ ಅಂತ ಕೆಲವನ್ನು ಮಾತ್ರ ಲಾಟ್ ಚೀಟಿ ಸಮೇತ ಎತ್ತಿಟ್ಟಿದ್ದೇನೆ.

ಆಮೇಲೆ ಅಂಗಡಿಯ ಜೋಡಣೆಯನ್ನೇ ಬದಲಿಸಿದೆ. ಗೋಲಿ, ಮಣಿ, ಸಣ್ಣ ಆಯಸ್ಕಾಂತ ಇರುವುದೆಲ್ಲ ಮೇಲಿನ ಹಲಗೆಗೆ ಹೋದವು. ಆಯಸ್ಕಾಂತ ಎರಡು ನುಂಗಿದರೆ ಹೊಟ್ಟೆಯೊಳಗೆ ಒಂದನ್ನೊಂದು ಎಳೆದು, ನಡುವೆ ಸಿಕ್ಕ ಕರುಳು ತೂತಾಗುತ್ತದೆ. ಬಟನ್ ಸೆಲ್ (ಗುಂಡಿಯಂಥ ಪುಟ್ಟ ಬ್ಯಾಟರಿ) ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅದನ್ನು ಸುಡಬಹುದು. ಅದಕ್ಕೆ ಸೆಲ್ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ತರಿಸುವುದನ್ನೇ ಬಿಟ್ಟೆ. ಬಲೂನನ್ನು ಚಿಕ್ಕ ಮಕ್ಕಳಿರುವವರಿಗೆ ಕೊಡುವುದಿಲ್ಲ. ಒಡೆದ ರಬ್ಬರ್ ಚೂರು ಗಂಟಲಿಗೆ ಮುಚ್ಚಳದ ಹಾಗೆ ಅಂಟಿಕೊಳ್ಳುತ್ತದೆ, ಕೆಮ್ಮಿದರೂ ಬರುವುದಿಲ್ಲ. ದುಗ್ಗಮ್ಮನ ಜಾತ್ರೆ ವರ್ಷ ಬಲೂನಿನ ವ್ಯಾಪಾರ ಜೋರು, ಆ ವರ್ಷ ಎಚ್ಚರವೂ ಜಾಸ್ತಿ ಬೇಕು.

ಮಕ್ಕಳ ಡಾಕ್ಟರ್ ಒಬ್ಬರು ಹೇಳಿಕೊಟ್ಟದ್ದನ್ನು ಬರೆಸಿ ಗಲ್ಲಾ ಎದುರು ಅಂಟಿಸಿದ್ದೇನೆ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಹೊರಡದಿದ್ದರೆ ಮುಂದಕ್ಕೆ ಬಗ್ಗಿಸಿ, ಭುಜದ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಏಟು. ಹೋಗದಿದ್ದರೆ, ವರ್ಷದೊಳಗಿನ ಮಗುವಿಗೆ ಎದೆಯ ನಡುವೆ ಐದು ಒತ್ತು, ದೊಡ್ಡ ಮಗುವಿಗೆ ಹಿಂದಿನಿಂದ ತಬ್ಬಿ ಹೊಕ್ಕಳ ಮೇಲ್ಭಾಗದಲ್ಲಿ ಐದು ಒತ್ತು. ಕಾಣದ ವಸ್ತುವಿಗೆ ಬೆರಳು ಹಾಕಬೇಡಿ, ಒಳಕ್ಕೆ ಹೋಗುತ್ತದೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಸಂಜೆ ಮಂಡಕ್ಕಿ ತಿನ್ನುವಾಗ ಪುಟ್ಟ ಮಕ್ಕಳ ಬಾಯಿಗೆ ಇಡೀ ಶೇಂಗಾ ಹಾಕಬೇಡಿ ಅಂತಲೂ ಕೆಳಗೆ ಬರೆಸಿದ್ದೇನೆ.

ಆ ಲಾಟಿನ ಎಲ್ಲಾ ಗಿಲಕಿ ಇನ್ನೂ ಬಂದಿಲ್ಲ. ಬೋರ್ಡ್ ತೆಗೆದಿಲ್ಲ. ಈಗ ಬರೆಯುವ ಪ್ರತಿ ಬಿಲ್ಲಿನಲ್ಲೂ ಲಾಟ್ ನಂಬರ್ ಮತ್ತು ಗಿರಾಕಿಯ ಫೋನ್ ನಂಬರ್ ಇರುತ್ತದೆ.