ಸಿಡಿಮದ್ದಿನ ಕೆಲಸಕ್ಕೆ ಪದಪಟ್ಟಿ ಮಾಡುವುದು ಹೇಗೆ?

ಬಂಡೆ ಸಿಡಿಸುವ ಜಾಗಕ್ಕೆಂದು ಒಬ್ಬರು ಮಾಡಿದ್ದ ಕನ್ನಡ ಪದಪಟ್ಟಿ ನನ್ನ ಕೈಗೆ ಬಂತು. ‘ಮ್ಯಾಗಜಿನ್’ ಎದುರು ‘ವಾರಪತ್ರಿಕೆ’ ಎಂದಿತ್ತು. ಸಿಡಿಮದ್ದು ಇಡುವ ಉಗ್ರಾಣ ಅದು! ನಕ್ಕೆ. ಕೆಳಗೆ ‘ಮಿಸ್‌ಫೈರ್’ ಎದುರು ‘ಗುರಿ ತಪ್ಪಿದ ಗುಂಡು’ ಎಂದು ಕಂಡಾಗ ನಗು ನಿಂತಿತು. ಸಿಡಿಯದೆ ಉಳಿದ ಮದ್ದು ಅದು. ಮೊಬೈಲ್ ಆ್ಯಪ್‌ಗೆ ಹಾಕಿ ತೆಗೆದ ಪಟ್ಟಿ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಈ ಕೆಲಸಕ್ಕೆ ಆ್ಯಪ್ ಬೇಡವೇ ಬೇಡ.

ಮೊದಲ ಹೆಜ್ಜೆ ಸುಲಭ. ಸಿಡಿಮದ್ದಿನ ಪೆಟ್ಟಿಗೆ, ಅದರ ಜೊತೆ ಬರುವ ಸೂಚನೆ, ಕೆಲಸದವರ ಬಾಯಿ, ಈ ಮೂರರಿಂದ ಪದ ಆರಿಸಿಕೊಳ್ಳಿ.

ಎರಡನೆಯದು, ಯಾವುದನ್ನು ಕನ್ನಡಿಸಬಾರದು ಎಂದು ಗೊತ್ತುಮಾಡಿಕೊಳ್ಳುವುದು. ಮದ್ದನ್ನು ಸಿಡಿಸಲು ಅದರೊಳಗೆ ಇಡುವ ಪುಟ್ಟ ಸಾಧನ ಡಿಟೋನೇಟರ್, ಅದು ಡಿಟೋನೇಟರೇ ಆಗಿರಲಿ. ‘ಸ್ಫೋಟಪ್ರಚೋದಕ’ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ‘ಬರ್ಡನ್’ ಕೂಡ ಹಾಗೇ ಇರಲಿ, ಆದರೆ ಅದು ಹೊರೆಯಲ್ಲ. ಮದ್ದು ತುಂಬಲು ಕೊರೆದ ಕುಳಿಯಿಂದ ಬಂಡೆಯ ತೆರೆದ ಮುಖಕ್ಕೆ ಇರುವ ದೂರ ಎಂದು ಪಕ್ಕದಲ್ಲಿ ಬರೆಯಿರಿ. ‘ಸ್ಟೆಮ್ಮಿಂಗ್’ ಎಂದರೆ ಮದ್ದಿನ ಮೇಲೆ ಕುಳಿಯ ಬಾಯಿಗೆ ತುಂಬುವ ಜಲ್ಲಿಪುಡಿ. ಅದು ಮದ್ದು ಸಿಡಿದಾಗ ಹುಟ್ಟುವ ಅನಿಲವನ್ನು ಒಳಗೇ ತಡೆದು ಹಿಡಿಯುತ್ತದೆ. ಸರಿಯಾಗಿ ತುಂಬದಿದ್ದರೆ ಕಲ್ಲು ಎಲ್ಲೆಲ್ಲಿಗೋ ಹಾರುತ್ತದೆ.

ಎಲ್ಲರೂ ಎಡವುವುದು ಮೂರನೆಯ ಹೆಜ್ಜೆಯಲ್ಲಿ. ಒಂದೇ ತರಹ ಕಾಣುವ, ಆದರೆ ಬೇರೆ ಬೇರೆಯಾದ ಪದಗಳನ್ನು ಜೋಡಿ ಮಾಡಿ ಬಿಡಿಸಬೇಕು. ‘ಬತ್ತಿ’ಯನ್ನೇ ನೋಡಿ. ಸೇಫ್ಟಿ ಫ್ಯೂಸ್‌ಗೂ ಬತ್ತಿ, ಡಿಟೋನೇಟಿಂಗ್ ಕಾರ್ಡ್‌ಗೂ ಬತ್ತಿ ಅಂತ ಬರೆದುಬಿಡುತ್ತಾರೆ. ಮೊದಲನೆಯದು 1831ರಲ್ಲಿ ವಿಲಿಯಂ ಬಿಕ್‌ಫೋರ್ಡ್ ಪೇಟೆಂಟ್ ಪಡೆದದ್ದು. ಒಳಗಿನ ಕರಿಮದ್ದು ನಿಧಾನವಾಗಿ ಉರಿಯುತ್ತಾ ಹೋಗುತ್ತದೆ. ಒಂದು ಮೀಟರ್‌ಗೆ ಒಂದೂವರೆ, ಎರಡು ನಿಮಿಷ ಬೇಕು. ಎರಡನೆಯದು ನೋಡಲು ಹಗ್ಗ, ಆದರೆ ತಾನೇ ಸಿಡಿಮದ್ದು. ಉರಿಯುವುದಲ್ಲ, ಸಿಡಿಯುತ್ತದೆ, ಸೆಕೆಂಡಿಗೆ 6 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ. ಇವೆರಡಕ್ಕೂ ಒಂದೇ ಹೆಸರಿಟ್ಟ ಪಟ್ಟಿಯನ್ನು ಹರಿದು ಹಾಕಿ.

ಇನ್ನೊಂದು ಜೋಡಿ ಮಿಸ್‌ಫೈರ್, ಹ್ಯಾಂಗ್‌ಫೈರ್. ಮಿಸ್‌ಫೈರ್ ಎಂದರೆ ಸಿಡಿಯಬೇಕಾದ ಮದ್ದು ಪೂರ್ತಿಯೋ ಅರ್ಧವೋ ಸಿಡಿಯದೆ ಉಳಿಯುವುದು. ಹ್ಯಾಂಗ್‌ಫೈರ್ ಎಂದರೆ ತಡವಾಗಿ ಸಿಡಿಯುವುದು. ಹೊರಗಿಂದ ನೋಡುವವನಿಗೆ ಎರಡೂ ಒಂದೇ, ಸದ್ದಿಲ್ಲ ಅಷ್ಟೆ. ಆದ್ದರಿಂದಲೇ ಕಾಯುವ ನಿಯಮ ಇರುವುದು. ಬರೀ ಅರ್ಥ ಬರೆದು ಬಿಡಬೇಡಿ. ‘ಸದ್ದು ಬರಲಿಲ್ಲವಾ? ಹತ್ತಿರ ಹೋಗಬೇಡಿ. ಮುಖ್ಯ ಬ್ಲಾಸ್ಟರ್ (ಮದ್ದು ಸಿಡಿಸುವವರ ಮುಖ್ಯಸ್ಥ) ಹೇಳುವವರೆಗೆ ಕಾಯಿರಿ. ತಂತಿ ಎಳೆಯಬೇಡಿ’ ಎಂದು ಬರೆಯಿರಿ. ಇವುಗಳ ಜೊತೆಗೇ ‘ಸಾಕೆಟ್’ ಸೇರಿಸಿ: ಸಿಡಿದ ಮೇಲೂ ಬಂಡೆಯಲ್ಲಿ ಉಳಿದ ಕುಳಿಯ ಬುಡ. ಅದರಲ್ಲಿ ಮದ್ದು ಉಳಿದಿರಬಹುದು. ಕುಳಿ ಹೇಗೂ ಇದೆಯಲ್ಲ ಅಂತ ಅಲ್ಲೇ ಮತ್ತೆ ಕೊರೆಯುವವರಿದ್ದಾರೆ. ಅದು ಸಾವಿಗೆ ದಾರಿ.

ನಾಲ್ಕನೆಯದು ಸೈರನ್. ‘ಆಲ್ ಕ್ಲಿಯರ್’ ಅನ್ನು ‘ಎಲ್ಲ ಸ್ಪಷ್ಟ’ ಎಂದವರನ್ನು ನೋಡಿದ್ದೇನೆ. ಏನು ಸ್ಪಷ್ಟ? ‘ಬ್ಲಾಸ್ಟರ್ ಒಳಗೆ ನೋಡಿ ಬಂದಾಯಿತು, ಇನ್ನು ಬರಬಹುದು’ ಎನ್ನಿ. ಎಷ್ಟು ಸಲ, ಎಷ್ಟು ಉದ್ದ ಕೂಗಿದರೆ ಏನರ್ಥ ಎಂಬುದು ಜಾಗದಿಂದ ಜಾಗಕ್ಕೆ ಬೇರೆ. ಬೇರೆ ಕಡೆಯ ಪಟ್ಟಿಯಿಂದ ಇದನ್ನು ಸುಮ್ನೆ ನಕಲು ಮಾಡಬೇಡಿ.

ಕೊನೆಗೆ ಹೊಸ ಕೆಲಸದವನೊಬ್ಬನಿಗೆ ಓದಿ ಹೇಳಿ. ‘ಅರ್ಥ ಆಯ್ತಾ?’ ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಈಗ ನೀನೇನು ಮಾಡ್ತೀಯ?’ ಎಂದು ಕೇಳಿ. ಅವನು ತಡವರಿಸಿದ ಸಾಲನ್ನು ಮತ್ತೆ ಬರೆಯಿರಿ.

ಅಚ್ಚು ಹಾಕಿಸುವಾಗ ಹೊಳಪಿನ ಲ್ಯಾಮಿನೇಷನ್ ಬೇಡ, ಬಿಸಿಲಲ್ಲಿ ಕಣ್ಣು ಕುಕ್ಕುತ್ತದೆ. ಅಕ್ಷರ ಕಪ್ಪಾಗಿರಲಿ. ಅಪಾಯ ಅಂತ ಕೆಂಪಲ್ಲಿ ಬರೆಸಿದರೆ ಬಿಸಿಲಿಗೆ ಮೊದಲು ಮಾಸುವುದು ಅದೇ.